ಯಾವ ಕೋಲೆಂದು ನೀನು ಹೇಳದ ದಿನ

ಬಾಯಿ ಬಿಡದೆ ಹೊರಟುಹೋದ ಅಪ್ಪನಿಗೆ,

ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಎರಡು ಕೋಣೆಯ ಮನೆಯಲ್ಲಿ, ಒಬ್ಬರು ಕೆಮ್ಮಿದರೆ ಇನ್ನೊಬ್ಬರು ನೀರಿನ ಲೋಟ ಹಿಡಿದು ನಿಲ್ಲುವಷ್ಟು ಹತ್ತಿರ ಬದುಕಿದವರಿಗೆ ಪತ್ರ ಯಾಕೆ ಬೇಕಿತ್ತು? ನಾನು ಬರೆದದ್ದೆಲ್ಲ ಊರಿಗೆ. ನಗರಸಭೆಗೆ ಬರೆದೆ, ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಗೆ ಬರೆದೆ, ಮುಖವನ್ನೇ ನೋಡದ ಸಾವಿರಾರು ಜನಕ್ಕೆ ‘ದುಡಿಯುವ ಬಂಧುಗಳೇ’ ಎಂದು ಬರೆದೆ. ಅದಕ್ಕೇ ನೀನು ನನಗೆ ಕರಪತ್ರ ಎಂದು ಹೆಸರಿಟ್ಟಿದ್ದು. “ಕರಪತ್ರ ಎದ್ದಿತೇನೇ? ಇವತ್ತು ಊಟ ಮಾಡುತ್ತೋ, ಊಟದ ಮೇಲೂ ಮುಷ್ಕರವೋ?” ಎಂದು ಅಮ್ಮನನ್ನು ಕೇಳುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ.

ಬರೆಯುವುದಕ್ಕೆ ಕಾರಣ ಇದೆ. ಬರುವ ಭಾನುವಾರಕ್ಕೆ ನಮ್ಮ ಮೌನ ಮುಷ್ಕರಕ್ಕೆ ಒಂದು ವರ್ಷ. ಕಳೆದ ವಾರ, ನಿನ್ನ ಜೊತೆ ಕ್ಲಬ್ಬಿನಲ್ಲಿ ಚೀಲ ಹೊರುತ್ತಿದ್ದ ಸೀಟಿ ಚಿಕ್ಕಪ್ಪ ನಾನು ಕೆಲಸ ಮಾಡುವ ಪ್ರೆಸ್ಸಿಗೆ ಬಂದು ನನ್ನ ಮೇಜಿನ ಅಂಚಿಗೆ ಕುಳಿತು, “ವರ್ಷದ ನೆನಪಿಗೆ ಒಂದು ಪತ್ರಿಕೆ ತರೋಣ. ಮೊದಲನೇ ಪುಟ ನಿಮ್ಮಪ್ಪನದು. ನೀನೇ ಬರೀಬೇಕು. ತಲೆಬರಹ ನಾನು ಯೋಚನೆ ಮಾಡಿಟ್ಟಿದೀನಿ, ‘ಬಾಯಿ ಬಿಡದ ಧೀರ’. ಹೆಂಗಿದೆ?” ಎಂದ. ಚೆನ್ನಾಗಿದೆ ಎಂದೆ. ಅವನು ಹೋದ ಮೇಲೆ ಮೂರು ದಿನ ಖಾಲಿ ಹಾಳೆಯ ಮುಂದೆ ಕುಳಿತೆ. ಮುಷ್ಕರ, ಹಕ್ಕು, ಬೆವರು ಎಂಬ ಪದಗಳು ಕರೆದರೆ ಓಡಿಬರುತ್ತಿದ್ದವು. ಈ ಸಲ ಒಂದೂ ಬರಲಿಲ್ಲ. ಯಾಕೆಂದರೆ ಆ ದಿನ ನೀನು ಧೀರನಾಗಿ ಸುಮ್ಮನಿದ್ದೆಯೋ, ನಾನು ನಿನ್ನ ಗಂಟಲು ಹಿಸುಕಿದ್ದಕ್ಕೆ ಸುಮ್ಮನಿದ್ದೆಯೋ, ನನಗೆ ತಿಳಿಯದು. ಅದನ್ನು ತಿಳಿಯದೆ ನಿನ್ನ ಬಗ್ಗೆ ಒಂದು ಸಾಲು ಅಚ್ಚು ಹಾಕಿದರೂ ಅದು ಸುಳ್ಳು. ನಾನು ಬೇರೆ ಏನೇ ಮಾಡಿರಲಿ, ಸುಳ್ಳನ್ನು ಮಾತ್ರ ಅಚ್ಚು ಹಾಕಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ತಾಳ್ಮೆಯಿಂದ ಕೇಳು. ಬೇರೆಯವರ ಮಾತನ್ನು ತಾಳ್ಮೆಯಿಂದ ಕೇಳುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ.

ಇಪ್ಪತ್ತಾರು ವರ್ಷ ನೀನು ಕ್ಯಾಡಿಯಾಗಿದ್ದೆ. ಹದಿನಾಲ್ಕು ಕೋಲು ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹದಿನೆಂಟು ಕುಳಿಗಳ ಆ ಹಸಿರು ಬಯಲನ್ನು ದಿನಕ್ಕೆ ಎರಡು ಸುತ್ತು ನಡೆಯುತ್ತಿದ್ದೆ. ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಅಂಗಿ ಹೊಲಿಯುವಾಗ ದರ್ಜಿ ಪ್ರತಿಸಲ ಒಂದು ಕಡೆ ಹತ್ತಿ ತುಂಬುತ್ತಿದ್ದ. ಅಷ್ಟು ಮಾಡಿ ಮನೆಗೆ ಬಂದು, ಕಾಲು ತೊಳೆದು, ಮತ್ತೆ ಅದೇ ಆಟವನ್ನು ನನಗೆ ಕಲಿಸುತ್ತಿದ್ದೆ. ಮನೆಯ ಹೊರಗಿನ ಉದ್ದನೆಯ ಕಾರಿಡಾರೇ ನಮ್ಮ ಮೈದಾನ. ಕಾಲೊರಸಿನ ಅಂಚು ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಆ ಗ್ರೀನಿನ ಅಂಚು, ಡಬ್ಬಿಯ ಮುಚ್ಚಳ ಕುಳಿ. ಯಾರೋ ಸದಸ್ಯರು ಬಿಸಾಡಿದ, ಚೆಂಡು ಉರುಳಿಸುವ ಹಳೆಯ ಪಟರ್ ಕೋಲನ್ನು ನನ್ನ ಅಳತೆಗೆ ಗರಗಸದಿಂದ ಕೊಯ್ದು ಕೊಟ್ಟಿದ್ದೆ. ಕೆಳಗಿನ ಮನೆಯವರು ಮೇಲೆ ಏನೋ ಉರುಳುತ್ತಿದೆಯೆಂದು ಸೂರಿಗೆ ಪೊರಕೆಯ ಹಿಡಿಯಿಂದ ಕುಟ್ಟುತ್ತಿದ್ದರು.

“ಚೆಂಡು ಗ್ರೀನಿನ ಮೇಲಿಲ್ಲ, ತೀರಾ ಹೊರಗೂ ಇಲ್ಲ. ಅಂಚಿನಿಂದ ಎರಡು ಮೂರು ಹೆಜ್ಜೆ ಈಚೆ ಕೂತಿದೆ. ಮನುಷ್ಯ ಕೆಡೋದೇ ಇಲ್ಲಿ ನೋಡು,” ಎನ್ನುತ್ತಿದ್ದೆ ನೀನು. “ಎಲ್ಲರಿಗೂ ಹಾರಿಸೋ ಚಪಲ. ನೋಡೋರ ಕಣ್ಣಿಗೆ ಚೆಂದ ಕಾಣುತ್ತಲ್ಲ. ಉರುಳಿಸೋಕಾಗುತ್ತಾ, ಪಟರ್ ತಗೊಂಡು ಉರುಳಿಸು. ಮಧ್ಯ ಒರಟು ಹುಲ್ಲಿದೆಯಾ, ಅಷ್ಟು ಹುಲ್ಲನ್ನ ಮಾತ್ರ ದಾಟಿಸು, ಮಿಕ್ಕಿದ್ದನ್ನ ನೆಲ ನೋಡ್ಕೊಳ್ಳುತ್ತೆ. ಮರಳು ಗುಂಡಿ ಅಡ್ಡ ಬಂತಾ, ಆಗ ಎತ್ತಿ ಹಾರಿಸು. ಬೇರೆ ಗತಿ ಇಲ್ಲ ಅಂದಾಗ ಮಾತ್ರ.”

“ಯಾರದೋ ಚೆಂಡಿಗೆ ನೀನ್ಯಾಕೆ ತಲೆ ಕೆಡಿಸ್ಕೋತೀಯಪ್ಪ?” ಎಂದು ನಾನು ಕೇಳಿದರೆ, “ಮತ್ತೆ ತಲೆ ಇರೋದು ಯಾಕೆ, ಬಾಚ್ಕೊಳ್ಳೋಕಾ?” ಎನ್ನುತ್ತಿದ್ದೆ.

ಹದಿನಾರಕ್ಕೆ ಶಾಲೆ ಬಿಟ್ಟು ಪ್ರೆಸ್ಸಿಗೆ ಸೇರಿದೆನಲ್ಲ, ಅಲ್ಲಿ ನನ್ನ ಕೆಲಸ ಮಡಚುವುದು. ಅಚ್ಚಾದ ಹಾಳೆಗಳು ಗುಡ್ಡೆಯಾಗಿ ಬರುತ್ತಿದ್ದವು. ಮಡಚುವ ಮೊದಲು ಒಂದನ್ನು ಓದುವ ಚಟ ಹತ್ತಿತು. ನೇಕಾರರ ಸಂಘದ ಕರಪತ್ರ, ದಾದಿಯರ ಬೇಡಿಕೆಪಟ್ಟಿ, ಎಂಟು ಗಂಟೆಯ ದುಡಿಮೆಯ ಕಥೆ, ಬಾಡಿಗೆದಾರರ ಹಕ್ಕು. ನನ್ನ ಕಾಲೇಜು ಅದೇ. ಒಂದು ಹಾಳೆಯಲ್ಲಿ ಓದಿದ ಸಾಲು ನನ್ನೊಳಗೆ ಮೊಳೆಯಂತೆ ಕೂತಿತು: ದುಡಿಯುವವನ ಬೆನ್ನಿಗೆ ಬೆಲೆ ಕಟ್ಟುತ್ತಾರೆ, ಅವನ ಬುದ್ಧಿಯನ್ನು ಪುಕ್ಕಟೆ ಎತ್ತಿಕೊಂಡು ಹೋಗುತ್ತಾರೆ. ಓದಿದಾಗ ಕಣ್ಣ ಮುಂದೆ ಬಂದದ್ದು ನಿನ್ನ ಇಳಿದ ಹೆಗಲು.

ಅಷ್ಟರಲ್ಲಿ ಸೀಟಿ ಚಿಕ್ಕಪ್ಪನಿಗೆ ಚೆಂಡು ಬಡಿಯಿತು. ಎಲ್ಲಿಂದಲೋ ಹಾರಿಬಂದ ಚೆಂಡು ಬಾಯಿಗೆ ತಗುಲಿ ಮುಂದಿನ ಮೂರು ಹಲ್ಲು ಉದುರಿದವು. ಸದಸ್ಯರನ್ನು ಕರೆಯಲು ಅರ್ಧ ಮೈದಾನಕ್ಕೆ ಕೇಳುವಂತೆ ಸೀಟಿ ಹೊಡೆಯುತ್ತಿದ್ದವನ ಬಾಯಲ್ಲಿ ಬರೀ ಗಾಳಿ ಬರತೊಡಗಿತು. ಕ್ಲಬ್ಬು ಚಿಕಿತ್ಸೆ ಕೊಡಿಸಲಿಲ್ಲ, ಹತ್ತು ದಿನದ ರಜೆ ಕೊಟ್ಟಿತು, ಸಂಬಳವಿಲ್ಲದೆ. ಕೊನೆಗೆ ಹಲ್ಲು ಕಟ್ಟಿಸಿಕೊಟ್ಟವರು ನಿನ್ನ ಹಲ್ಲಿನ ಡಾಕ್ಟರು. ಹತ್ತೊಂಬತ್ತು ವರ್ಷದಿಂದ ನೀನು ಚೀಲ ಹೊರುತ್ತಿದ್ದ, ಬೆಳ್ಳಿಕೂದಲಿನ, ತೆಳ್ಳಗಿನ ಆ ಮನುಷ್ಯ. ಒಂದು ಕಾಸು ಮುಟ್ಟಲಿಲ್ಲ. ನೀನು ಎಷ್ಟು ಹೆಮ್ಮೆಯಿಂದ ಬಂದು ಹೇಳಿದೆ. ನಾನು ತಟ್ಟೆಯಿಂದ ತಲೆ ಎತ್ತದೆ, “ಅವರ ದಯೆ ಅವರ ಜೇಬಲ್ಲೇ ಇರಲಿ. ನಮಗೆ ಬೇಕಾಗಿರೋದು ಹಕ್ಕು,” ಎಂದೆ. ನೀನು ಅಮ್ಮನ ಮುಖ ನೋಡಿದೆ. ಅಮ್ಮ, “ಹಲ್ಲು ಹಾಕಿಸ್ಕೊಂಡೋನು ಸಂತೋಷವಾಗಿದಾನೆ, ನಿಂಗೇನೇ ಕಷ್ಟ?” ಎಂದಳು. ನನ್ನ ಮಾತು ಈಗಲೂ ತಪ್ಪೆಂದು ಹೇಳಲಾರೆ. ಅದನ್ನು ನಿನ್ನ ಮುಖಕ್ಕೆ ಎಸೆದದ್ದು ತಪ್ಪು.

ಆಮೇಲೆ ನಾನು ಕ್ಲಬ್ಬಿನ ನಿಯಮದ ಪುಸ್ತಕ ತರಿಸಿಕೊಂಡು ಓದಿದೆ. ಕ್ಯಾಡಿಯ ಕೆಲಸ: ಚೀಲ ಹೊರುವುದು, ಕೋಲು ಒರೆಸುವುದು, ಚೆಂಡು ಹುಡುಕುವುದು, ಬಾವುಟ ಹಿಡಿಯುವುದು. ಎಷ್ಟು ಹುಡುಕಿದರೂ ಸಲಹೆ ಕೊಡಬೇಕು ಎಂಬ ಮಾತು ಎಲ್ಲೂ ಇರಲಿಲ್ಲ. ಗಾಳಿ ಯಾವ ಕಡೆ, ಇಳಿಜಾರು ಎತ್ತ, ಯಾವ ಕೋಲು ಎಂದು ನೀವೆಲ್ಲ ಜೀವಮಾನವಿಡೀ ಹೇಳಿದ್ದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ನನಗೆ ಕೋಪದ ಜೊತೆ ಖುಷಿಯೂ ಆಯಿತು. ಲೆಕ್ಕದಲ್ಲಿ ಇಲ್ಲದ್ದನ್ನು ನಿಲ್ಲಿಸಿದರೆ ಯಾರೂ ತಪ್ಪು ಹಿಡಿಯುವಂತಿಲ್ಲ. ನಿಯಮದಂತೆ ಪೂರ್ತಿ ಕೆಲಸ ಮಾಡುವುದು, ಬಾಯಿ ಮಾತ್ರ ಮುಚ್ಚಿಕೊಳ್ಳುವುದು. ವರ್ಷದ ದೊಡ್ಡ ಪಂದ್ಯದ ಕೊನೆಯ ದಿನ, ಎಲ್ಲರೂ ನೋಡುತ್ತಿರುವಾಗ. ಆಗ ಗೊತ್ತಾಗುತ್ತದೆ ನಿಮ್ಮ ಬುದ್ಧಿಯ ಬೆಲೆ.

ಹುಲ್ಲು ಕೊಯ್ಯುವ ಯಂತ್ರಗಳ ಶೆಡ್ಡಿನಲ್ಲಿ ಸಭೆ ಸೇರಿತು. ಪೆಟ್ರೋಲಿನ ವಾಸನೆ, ತಲೆಕೆಳಗಾದ ಬಕೆಟ್ಟುಗಳ ಮೇಲೆ ಮೂವತ್ತೊಂದು ಜನ. ನಾನು ಕ್ಯಾಡಿಯಲ್ಲ, ಕ್ಯಾಡಿಯ ಮಗಳು ಎಂಬ ಹಕ್ಕಿನಲ್ಲಿ ನಿಂತು ಮಾತಾಡಿದೆ. ‘ಬೆನ್ನು ಬಾಡಿಗೆಗೆ, ತಲೆ ನಮ್ಮದು’ ಎಂದೆ. ಚಪ್ಪಾಳೆ ಬಿತ್ತು. ನೀನು ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ. ಎಲ್ಲರದೂ ಮುಗಿದ ಮೇಲೆ ಕೈ ಎತ್ತಿ ಒಂದೇ ಒಂದು ಮಾತು ಕೇಳಿದೆ.

“ಎಲ್ಲರ ಆಟ ಒಂದೇ ಥರ ಇರಲ್ಲ. ಕೆಲವರಿಗೆ ಮಾತು ಬೇಕೇ ಬೇಕಾಗಬಹುದು. ಎಲ್ಲರಿಗೂ ಒಂದೇ ನಿಯಮಾನಾ?”

ನಾನು ತಡಮಾಡಲಿಲ್ಲ. “ಒಬ್ಬರಿಗೆ ಬಿಟ್ಟುಕೊಟ್ಟರೆ ಎಲ್ಲರಿಗೂ ಬಿಟ್ಟುಕೊಟ್ಟ ಹಾಗೆ. ಇಲ್ಲಿ ಯಾರಿಗೂ ಅವರವರ ಸಾಹೇಬರ ಮೇಲೆ ಮೋಹ ಬೇಡ,” ಎಂದೆ. ಶೆಡ್ಡಿನಲ್ಲಿ ನಗು ಎದ್ದಿತು. ನೀನೂ ಸ್ವಲ್ಪ ನಕ್ಕೆ. ಒಪ್ಪಿದವರು ಕೈ ಎತ್ತಿ ಎಂದಾಗ ಕೊನೆಗೆ ಎದ್ದ ಕೈ ನಿನ್ನದು. ನಾನು ಮೂವತ್ತೊಂದು ಎಂದು ಬರೆದುಕೊಂಡೆ. ಕೈ ಎಣಿಸಿದೆ, ಮುಖ ನೋಡಲಿಲ್ಲ.

ಪಂದ್ಯದ ದಿನ ಬಿಸಿಲು ಹದವಾಗಿತ್ತು. ಒಂಬತ್ತು ಕುಳಿ ಮುಗಿಸಿ ಎಲ್ಲರೂ ಚಹಾದ ಗೂಡಂಗಡಿಯ ಬಳಿ ನಿಲ್ಲುತ್ತಾರಲ್ಲ, ಅಲ್ಲಿ ನಾನು ಕರಪತ್ರ ಹಂಚಿದೆ. ಅದರಲ್ಲಿ ಎಲ್ಲ ಇತ್ತು: ಇನ್ನು ಮುಂದಿನ ಒಂಬತ್ತು ಕುಳಿ ನಿಮ್ಮ ಕ್ಯಾಡಿ ಮಾತಾಡುವುದಿಲ್ಲ, ಅವನಿಗೆ ನಿಮ್ಮ ಮೇಲೆ ವೈರವಿಲ್ಲ, ಅವನ ಬೇಡಿಕೆ ಇಂಥವು. ಒಬ್ಬರು ಓದಿ ಕೆಂಡವಾದರು, ಒಬ್ಬರು ಬಿದ್ದು ಬಿದ್ದು ನಕ್ಕರು, ಒಬ್ಬರು ಹರಿದು ಕಾಲಡಿ ಹಾಕಿದರು. ನಿನ್ನ ಡಾಕ್ಟರಿಗೂ ಕೊಟ್ಟೆ. ಅವರು ನಗುತ್ತ ತೆಗೆದುಕೊಂಡು, ಕಣ್ಣೂ ಹಾಯಿಸದೆ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿ, “ಮನೆಗೆ ಹೋಗಿ ಓದಿಸ್ತೀನಿ ತಾಯಿ,” ಎಂದರು. ಓದಿಸ್ತೀನಿ ಎಂದರು, ಓದ್ತೀನಿ ಎನ್ನಲಿಲ್ಲ. ನಾನು ಅದನ್ನು ಸೊಕ್ಕು ಎಂದುಕೊಂಡೆ. ಓದುವುದಕ್ಕೂ ಆಳು ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ನೀನು ಎರಡು ಹೆಜ್ಜೆ ದೂರದಲ್ಲಿ ಕೋಲು ಒರೆಸುತ್ತಿದ್ದೆ. ಒರೆಸುತ್ತಿದ್ದ ಕೈ ನಿಂತಿತು. ನನ್ನನ್ನು ನೋಡಿದೆ, ಅವರ ಜೇಬನ್ನು ನೋಡಿದೆ. ಆಮೇಲೆ ಚೀಲ ಹೆಗಲಿಗೇರಿಸಿದೆ.

ಕೊನೆಯ ಕುಳಿಯ ಬಳಿ ಜನ ಸೇರಿದ್ದರು. ಕ್ಲಬ್ಬಿನ ಜಗಲಿಯ ತುಂಬ ಕುರ್ಚಿ. ನಾನು ಬೇಲಿಯ ಹೊರಗಿದ್ದೆ. ಮೊದಲ ಒಂಬತ್ತು ಕುಳಿಗಳಲ್ಲಿ ಗಳಿಸಿದ ಮುನ್ನಡೆಯೆಲ್ಲ ಕರಗಿ ಡಾಕ್ಟರೂ ಅವರ ಎದುರಾಳಿಯೂ ಸಮ ಸಮ. ಡಾಕ್ಟರ ಚೆಂಡು ಗ್ರೀನಿನ ಅಂಚಿನಿಂದ ಮೂರು ಹೆಜ್ಜೆ ಈಚೆ ನಿಂತಿತ್ತು. ಮಧ್ಯ ಇದ್ದದ್ದು ನೆಲಮಟ್ಟಕ್ಕೆ ಕೊಯ್ದ ಹುಲ್ಲು, ಅಂಗೈಯಂಥ ನೆಲ. ಕುಳಿ ದೂರ, ಸ್ವಲ್ಪ ಇಳಿಜಾರು, ಗ್ರೀನಿನ ಆಚೆ ಕೊಳ. ಕಾರಿಡಾರಿನಲ್ಲಿ ಕಲಿತ ನನಗೂ ಗೊತ್ತಿತ್ತು, ಪಟರ್ ತೆಗೆದುಕೊಂಡು ಸುಮ್ಮನೆ ಉರುಳಿಸಬೇಕು. ಅವರು ನಿನ್ನ ಕಡೆ ಕೈ ಚಾಚಿದರು. ತಿರುಗಿ ನೋಡದೆ, ಕೈ ಮಾತ್ರ. “ಯಾವುದು ಮೇಷ್ಟ್ರೇ?” ಎಂದರಂತೆ. ನಿನ್ನನ್ನು ಅವರು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ನೀನು ಚೀಲವನ್ನು ಅವರ ಮುಂದೆ ಹಿಡಿದು ನಿಂತೆ. ಅವರು ಇನ್ನೊಂದು ಸಲ ಕೇಳಿದರು. ನೀನು ಗ್ರೀನನ್ನೇ ನೋಡುತ್ತಿದ್ದೆ. ಅವರ ಕೈ ಚೀಲದೊಳಗೆ ಕೋಲುಗಳ ತಲೆ ಸವರುತ್ತ ಹೋಗಿ, ಎಲ್ಲಕ್ಕಿಂತ ಬಾಗಿದ ಮುಖದ, ಎತ್ತಿ ಹಾರಿಸುವ ಕೋಲನ್ನು ಹಿರಿಯಿತು. ಅದು ಗಟ್ಟಿ ನೆಲಕ್ಕೆ ಬಡಿದು ಪುಟಿದು ಚೆಂಡಿನ ಹೊಟ್ಟೆಗೆ ತಾಗಿತು. ಚೆಂಡು ತಗ್ಗಾಗಿ, ಗುಂಡಿನಂತೆ, ಗ್ರೀನನ್ನು ಪೂರಾ ದಾಟಿ ಕೊಳಕ್ಕೆ ಬಿತ್ತು.

ಜಗಲಿಯಲ್ಲಿ ಯಾರೋ ನಕ್ಕರು. ಬೇಲಿಯ ಹೊರಗೆ ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಅಪ್ಪ. ಕೈ ಕೆಂಪಾಗುವಷ್ಟು ತಟ್ಟಿದೆ.

ಗೆದ್ದೆವು. ಎರಡು ತಿಂಗಳೊಳಗೆ ಕ್ಲಬ್ಬು ಮಣಿಯಿತು. ಪೆಟ್ಟಾದರೆ ಚಿಕಿತ್ಸೆ, ಕೂರಲು ಸೂರು, ಸಲಹೆಯೂ ಕೆಲಸವೆಂದು ಪುಸ್ತಕದಲ್ಲಿ ಒಂದು ಸಾಲು. ಅನುಭವಸ್ಥರಿಗೆಂದು ಮಾಡಿಸಿದ ಹಿತ್ತಾಳೆಯ ಬಿಲ್ಲೆಯಲ್ಲಿ ಒಂದನೇ ನಂಬರಿನದು ನಿನಗೆ ಬಂತು. ನೀನು ಅದನ್ನು ಹೊಲಿಗೆ ಡಬ್ಬಿಯೊಳಗೆ ಗುಂಡಿಗಳ ಜೊತೆ ಹಾಕಿಟ್ಟೆ. ಡಾಕ್ಟರು ಆಮೇಲೆ ಆಡಲು ಬರಲೇ ಇಲ್ಲ. ನೀನು ಬೇರೆಯವರ ಚೀಲ ಹೊತ್ತೆ, ಕೇಳಿದವರಿಗೆ ಸಲಹೆ ಕೊಟ್ಟೆ. ಮನೆಯ ಕಾರಿಡಾರಿನಲ್ಲಿ ಚೆಂಡು ಉರುಳುವ ಸದ್ದು ನಿಂತಿತು. ಕೆಳಗಿನ ಮನೆಯಾಕೆ ಕೂಡ ಒಂದು ದಿನ ಅಮ್ಮನನ್ನು ನಿಲ್ಲಿಸಿ, “ನಿಮ್ಮೋರಿಗೆ ಮೈ ಹುಷಾರಿಲ್ವಾ?” ಎಂದು ಕೇಳಿದರು. ನಾನು ಕೇಳಲಿಲ್ಲ. ನನಗೆ ಪುರುಸೊತ್ತು ಇರಲಿಲ್ಲ. ಬೇರೆ ಕಡೆಯ ಹೋಟೆಲು ನೌಕರರು ಕರಪತ್ರ ಬರೆದುಕೊಡಲು ಕೇಳಿದ್ದರು.

ಆ ಪಂದ್ಯವಾಗಿ ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೀನು ಮೆಟ್ಟಿಲು ಹತ್ತುತ್ತ ನಡುವೆ ಕುಳಿತೆ. ಮತ್ತೆ ಏಳಲಿಲ್ಲ.

ಮೂರು ವಾರದ ಹಿಂದೆ ಬಾಗಿಲು ಬಡಿಯಿತು. ಟ್ಯಾಕ್ಸಿಯವನ ತೋಳು ಹಿಡಿದು ಡಾಕ್ಟರು ನಿಂತಿದ್ದರು. ನೀನು ಇಲ್ಲವೆಂಬ ಸುದ್ದಿ ಅವರಿಗೆ ಆಗಷ್ಟೇ ಸಿಕ್ಕಿತ್ತು. ಅವರು ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದರು. ಅಮ್ಮ ಕುರ್ಚಿ ಹಾಕಿದಳು. ಅವರು ಅದರ ಬೆನ್ನನ್ನು ಹುಡುಕಿ ಹಿಡಿದು ಕುಳಿತರು.

“ಈಗ ಪೂರಾ ಹೋಗಿದೆ ತಾಯಿ. ಶುರುವಾಗಿ ಐದು ವರ್ಷ ಆಯ್ತು,” ಎಂದರು. “ಮೊದಲು ಹೋಗಿದ್ದು ನೇರ ಮಧ್ಯದ್ದು. ಅಂಚಿಂದು ಕಾಣ್ತಿತ್ತು. ದೂರದ ಹೊಡೆತಕ್ಕೇನೂ ತೊಂದರೆ ಇರಲಿಲ್ಲ, ಇಪ್ಪತ್ತು ವರ್ಷದ ದಾರಿ, ಕಾಲಿಗೇ ಗೊತ್ತಿತ್ತು. ಗ್ರೀನಿನ ಹತ್ರ ಬಂದ ಮೇಲೆ ಹುಲ್ಲು ಉದ್ದ ಇದೆಯೋ ಗಿಡ್ಡ ಇದೆಯೋ, ಉಬ್ಬಿದೆಯೋ ತಗ್ಗಿದೆಯೋ, ಎಲ್ಲ ಒಂದೇ ಹಸಿರು. ನಿಮ್ಮಪ್ಪ ಹೇಳೋರು, ನಾನು ಹೊಡೀತಿದ್ದೆ. ಕಣ್ಣು ಅವರದು, ಕೈ ನನ್ನದು. ಯಾರಿಗೂ ಹೇಳಬೇಡಿ ಮೇಷ್ಟ್ರೇ ಅಂದಿದ್ದೆ. ಕೆಲಸ ಎಲ್ಲ ಸಹಾಯಕರ ಕೈಲೇ ಮಾಡಿಸ್ತಿದ್ದೆ, ಆದ್ರೂ ಗೊತ್ತಾದ್ರೆ ನಾಳೆಯಿಂದ ನನ್ನ ಕುರ್ಚಿಲಿ ಕೂತು ಯಾರು ಹಲ್ಲು ತೋರಿಸ್ತಾರೆ?”

ನೀನು ಮಗಳಿಗೂ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಶೆಡ್ಡಿನಲ್ಲಿ ಆ ಒಂದು ಪ್ರಶ್ನೆ ಕೇಳಿದ್ದಷ್ಟೇ ನಿನ್ನಿಂದ ಆದದ್ದು. ಅದಕ್ಕೆ ನಾನು ಎಲ್ಲರನ್ನೂ ನಗಿಸಿದೆ.

ಅವರು ಜೇಬಿನಿಂದ ಆ ಕರಪತ್ರ ತೆಗೆದರು. ಮಡಿಕೆಗಳಲ್ಲಿ ಸವೆದಿತ್ತು. ವಿಷಯ ಅವರಿಗೆ ಅದೇ ಸಂಜೆ ಜಗಲಿಯಲ್ಲಿ ತಿಳಿದಿತ್ತಂತೆ. ಆದರೂ ಯಾರ ಕೈಯಲ್ಲೂ ಓದಿಸಲು ಮನಸ್ಸು ಬರಲಿಲ್ಲವಂತೆ. “ಬರೆದೋರೇ ಓದಿದ್ರೆ ಚೆನ್ನ,” ಎಂದರು. ನಾನು ಓದಿದೆ. ಅಪ್ಪ, ನಾನು ಎಷ್ಟೋ ಕಡೆ ಮೇಜಿನ ಮೇಲೆ ಹತ್ತಿ ಓದಿದ್ದೇನೆ. ಆ ದಿನ ನನ್ನ ದನಿ ಲೋಟದೊಳಗಿನ ದನಿಯಂತಿತ್ತು. ‘ನಿಮ್ಮ ಕ್ಯಾಡಿಗೆ ನಿಮ್ಮ ಮೇಲೆ ವೈರವಿಲ್ಲ’ ಎಂಬಲ್ಲಿ ಅವರು ಕೈ ಎತ್ತಿ ತಡೆದರು. ಅದೊಂದು ಸಾಲನ್ನು ಇನ್ನೊಂದು ಸಲ ಓದಲು ಹೇಳಿದರು. ಓದಿದೆ.

“ಇದು ಆಗ ಗೊತ್ತಿದ್ದಿದ್ರೆ,” ಎಂದರು. “ಒಂಬತ್ತು ಕುಳಿ ನಾನು ಯೋಚನೆ ಮಾಡ್ತಾ ನಡೆದೆ, ನನ್ನಿಂದ ಏನು ತಪ್ಪಾಯ್ತು ಅಂತ. ಬೆಳಿಗ್ಗೆ ಏನಾದ್ರೂ ಒರಟಾಗಿ ಅಂದ್ನಾ, ಅವರ ಮನೇಲಿ ಏನಾದ್ರೂ ಆಗಿದೆಯಾ, ಕೇಳೋದೇ ಮರೆತ್ನಾ. ಕೊನೇ ಗ್ರೀನಿನ ಹತ್ರ ಬಂದಾಗ ಇದ್ದಕ್ಕಿದ್ದ ಹಾಗೆ ಅನ್ನಿಸ್ತು, ಕೋಪ ಅಲ್ಲ, ಮುಂದೆ ಏನೋ ಕಷ್ಟದ್ದು ಇದೆ, ಮೇಷ್ಟ್ರು ಯೋಚಿಸ್ತಿದಾರೆ, ಅದಕ್ಕೇ ಮಾತಿಲ್ಲ ಅಂತ. ಅವರು ಅಷ್ಟು ಹೊತ್ತು ಯೋಚಿಸ್ಬೇಕು ಅಂದ್ರೆ ಮರಳು ಗುಂಡಿನೇ ಇರಬೇಕು. ಅದಕ್ಕೇ ಎತ್ತಿ ಹಾರಿಸಿದೆ.”

ನಿನ್ನ ಮೌನವನ್ನೂ ಅವರು ಸಲಹೆಯೆಂದೇ ಓದಿಕೊಂಡಿದ್ದರು. ಹತ್ತೊಂಬತ್ತು ವರ್ಷ ಕೇಳಿದವರು ಮತ್ತೇನು ಮಾಡಿಯಾರು.

ಆಮೇಲೆ ಯಾಕೆ ಬರಲಿಲ್ಲ ಎಂದು ಅಮ್ಮ ಕೇಳಿದಳು. “ಬಂದ್ರೆ ಅವರು ಕ್ಷಮೆ ಕೇಳೋರು. ತಪ್ಪು ಮಾಡದೇ ಇರೋರ ಕೈಲಿ ಕ್ಷಮೆ ಕೇಳಿಸ್ಕೊಳ್ಳೋದು ಹೇಗೆ? ಸ್ವಲ್ಪ ದಿನ ಹೋಗಲಿ ಅಂದ್ಕೊಂಡೆ,” ಎಂದರು. ನೀನೂ ಹಾಗೇ ಅಂದುಕೊಂಡಿದ್ದೆಯೇನೋ. ಇಬ್ಬರೂ ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಎಂಟು ತಿಂಗಳು ಕಾದಿರಿ. ಊರಿನ ಆ ತುದಿಯಿಂದ ಈ ತುದಿಗೆ ಒಂದೇ ಬಸ್ಸು.

ಹೊರಡುವಾಗ ಅವರು ಬಾಗಿಲಲ್ಲಿ ತಡೆದು ನಿಂತರು. ಆ ಹೊಡೆತವನ್ನು ಒಂದು ಸಲ ಸರಿಯಾಗಿ ಹೊಡೆದು ಆಟ ಮುಗಿಸಬೇಕೆಂದಿದೆ, ನೀವು ಬಂದು ಹೇಳುತ್ತೀರಾ ಎಂದರು. ನಾನು ಕ್ಯಾಡಿಯಲ್ಲ ಎಂದೆ. “ಮಗಳಿಗೆ ಕಲಿಸ್ತಿದೀನಿ, ಚುರುಕಾಗಿದಾಳೆ, ಆದ್ರೆ ನೆಲ ನೋಡೋ ಮೊದಲೇ ತೀರ್ಮಾನ ಮಾಡ್ತಾಳೆ ಅಂತಿದ್ರು ಮೇಷ್ಟ್ರು,” ಎಂದರು. ಇದನ್ನು ನೀನು ನನಗೆ ಹೇಳಿರಲಿಲ್ಲ.

ಕಳೆದ ಸೋಮವಾರ, ಕ್ಲಬ್ಬಿನ ರಜೆಯ ದಿನ, ಸೀಟಿ ಚಿಕ್ಕಪ್ಪ ಕ್ಯಾಡಿಗಳ ಗೇಟು ತೆರೆದುಕೊಟ್ಟ. “ನೀನು ಚೀಲ ಹೊರೋದಾ? ನಿಮ್ಮ ಸಂಘಕ್ಕೆ ಗೊತ್ತಾ?” ಎಂದು ರೇಗಿಸಿದ. ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಚೀಲದ ಪಟ್ಟಿ ಹೆಗಲಿಗೆ ಕಚ್ಚಿತು. ಕೊನೆಯ ಗ್ರೀನಿನವರೆಗೆ ನಡೆಯುವಷ್ಟರಲ್ಲಿ ಮೂರು ಸಲ ಹೆಗಲು ಬದಲಿಸಿದೆ. ಡಾಕ್ಟರು ನನ್ನ ಮೊಳಕೈ ಹಿಡಿದಿದ್ದರು. ಅಂದಾಜಿನ ಮೇಲೆ ಅದೇ ಜಾಗದಲ್ಲಿ ಚೆಂಡು ಇಟ್ಟೆ. ಅವರು ನಿಂತು, ಕಾಲು ಹದ ಮಾಡಿಕೊಂಡು, ಕೈ ಚಾಚಿದರು.

“ಯಾವುದು?”

“ಪಟರ್,” ಎಂದೆ, ಕೇಳುವ ಮೊದಲೇ ಬಾಯಲ್ಲಿ ಇಟ್ಟುಕೊಂಡಿದ್ದವಳಂತೆ. ಕೋಲನ್ನು ಅವರ ಕೈಗೆ ಕೊಟ್ಟೂ ಬಿಟ್ಟೆ. ಆಮೇಲೆ ನೆಲ ನೋಡಿದೆ. ಹಿಂದಿನ ವರ್ಷದ ನೆಲ ಅದಾಗಿರಲಿಲ್ಲ. ಅಂಚಿನ ಹುಲ್ಲನ್ನು ಆ ವಾರ ಕೊಯ್ದಿರಲಿಲ್ಲ, ಬೆಳಗಿನ ನೀರು ಇನ್ನೂ ಆರಿರಲಿಲ್ಲ. ಮಂಡಿಯೂರಿ ಕೈಯಾಡಿಸಿದೆ. ಬೆರಳು ಮುಳುಗಿತು. ಉರುಳಿಸಿದರೆ ಚೆಂಡು ಎರಡು ಹೆಜ್ಜೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ, ನಾನು ಆಡಿದ ಮಾತನ್ನು ಬದಲಿಸಿದವಳಲ್ಲ. ಬದಲಿಸುವವರನ್ನು ಏನೆಂದು ಕರೆಯುತ್ತಿದ್ದೆ ಎಂದು ನಿನಗೆ ಗೊತ್ತು.

“ತಪ್ಪಾಯ್ತು ಡಾಕ್ಟ್ರೇ, ಆ ಕೋಲು ಕೊಡಿ,” ಎಂದೆ. “ಹುಲ್ಲು ಬೆಳೆದಿದೆ, ಒದ್ದೆ ಇದೆ. ಏಳನೇ ನಂಬರು ತಗೊಳ್ಳಿ. ಮೂರು ಹೆಜ್ಜೆ ದಾಟಿಸಿದ್ರೆ ಸಾಕು, ಗ್ರೀನಿನ ಅಂಚಿಗೇ ಬೀಳಲಿ. ಅಲ್ಲಿಂದ ಹನ್ನೊಂದು ಹೆಜ್ಜೆ ಉರುಳುತ್ತೆ. ಬಲಕ್ಕೆ ಜಾರುತ್ತೆ, ಒಂದು ಮೊಳ ಎಡಕ್ಕೆ ನೋಡಿ. ಅಡ್ಡ ಏನೂ ಇಲ್ಲ. ಮರಳು ಗುಂಡಿ ಇಲ್ಲ. ಏನೂ ಇಲ್ಲ.”

ಅವರು ತಲೆಯಾಡಿಸಿದರು. ಪೊರಕೆ ಬೀಸಿದಂತೆ ಕೈ ಮೆಲ್ಲನೆ ಹೋಗಿ ಬಂತು. ಚೆಂಡು ಹುಲ್ಲನ್ನು ದಾಟಿ, ಅಂಚಿಗೆ ಬಿದ್ದು, ಓಡಿತು. ಇಳಿಜಾರಿಗೆ ಮೈ ಕೊಟ್ಟು ಬಲಕ್ಕೆ ಹೊರಳಿ, ನಿಧಾನವಾಗಿ, ಯಾರೋ ಕೈಹಿಡಿದು ನಡೆಸಿದಂತೆ ಹೋಯಿತು. ಹೇಳಬೇಕಾದವನು ನೀನು, ಅಪ್ಪ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಂಬತ್ತು ಕುಳಿ ನೀನು ಇದೆಲ್ಲವನ್ನೂ ನಾಲಿಗೆಯ ತುದಿಯಲ್ಲಿಟ್ಟುಕೊಂಡು ನಡೆದೆ. ನನಗಾಗಿ.

ಡಾಕ್ಟರು ಗಾಳಿಗೆ ಕಿವಿಗೊಟ್ಟು ನಿಂತಿದ್ದರು. ಆಮೇಲೆ ಮುಖವನ್ನು ನಾನಿರುವ ಕಡೆ ತಿರುಗಿಸಿ, “ನೀವೂ ಸುಮ್ಮನಾದರೆ ಹೇಗೆ ತಾಯಿ? ಎಲ್ಲಿ ನಿಂತಿತು?” ಎಂದರು.

ಹೇಳಿದೆ. ಕುಳಿಗೆ ಒಂದೂವರೆ ಹೆಜ್ಜೆ ಈಚೆ, ಕೊಂಚ ಬಲಕ್ಕೆ. ಅವರು ಅಷ್ಟೂ ಕೇಳಿಕೊಂಡು, ಕೋಲನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ಹುಲ್ಲಿನ ಮೇಲೆ ಕುಳಿತರು. ನಾನೂ ಕುಳಿತೆ. ಇಬ್ಬರೂ ನಿನ್ನ ಬಗ್ಗೆ ಮಾತಾಡಿದೆವು, ಹೊಟ್ಟೆ ತುಂಬ. ಅವರಿಗೆ ಗೊತ್ತಿದ್ದ ನೀನು ನನಗೆ ಗೊತ್ತಿದ್ದವನಿಗಿಂತ ಹೆಚ್ಚು ಹರಟೆಮಲ್ಲ.

ನಮ್ಮ ಬೇಡಿಕೆಗಳು ನ್ಯಾಯವಾದವು. ಅದರಲ್ಲಿ ಒಂದಕ್ಷರವನ್ನೂ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಭಾನುವಾರದ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಹೇಳುತ್ತೇನೆ. ಡಾಕ್ಟರ ಕಣ್ಣಿನ ವಿಷಯ ಹೇಳಲು ಅವರ ಒಪ್ಪಿಗೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಇನ್ನೊಮ್ಮೆ ಹೋರಾಡಬೇಕಾಗಿ ಬಂದರೆ ಚೀಲ ಕೆಳಗಿಟ್ಟು ಮನೆಗೆ ಹೋಗೋಣ, ಗೇಟಿನಲ್ಲಿ ಕೂರೋಣ, ಕಂಠ ಬಿರಿಯುವಂತೆ ಕೂಗೋಣ. ನಂಬಿ ಕೈ ಚಾಚಿದವರ ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಳ್ಳುವುದು ಬೇಡ. ಕೆಲವರು ನನ್ನನ್ನು ಮೆತ್ತಗಾದಳು ಎನ್ನುತ್ತಾರೆ. ಅನ್ನಲಿ. ಮತ್ತೆ, ಶೆಡ್ಡಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಎಂದು ಆ ಮೂವತ್ತು ಜನರೆದುರು ಹೇಳುತ್ತೇನೆ. ಮೂವತ್ತೊಂದನೆಯವನಿಗೆ ಇಲ್ಲಿ ಹೇಳಿದ್ದೇನೆ.

ಮೊದಲ ಪುಟಕ್ಕೆ ಸೀಟಿ ಚಿಕ್ಕಪ್ಪ ಕೊಟ್ಟ ತಲೆಬರಹ ಹಾಕುವುದಿಲ್ಲ. ಗ್ರೀನಿನ ಅಂಚಿನಲ್ಲಿ ಚೆಂಡು ನಿಂತಾಗ ಯಾವ ಕೋಲು ತೆಗೆದುಕೊಳ್ಳಬೇಕು ಎಂದು ನೀನು ಹೇಳುತ್ತಿದ್ದದ್ದನ್ನು, ನೀನು ಹೇಳುತ್ತಿದ್ದ ಹಾಗೇ, ಬರೆದು ಕೊಡುತ್ತೇನೆ. ಹೊಸದಾಗಿ ಸೇರಿದ ಕ್ಯಾಡಿಗಳಿಗೆ ಬೇಕಾಗುತ್ತದೆ. ನೆಲ ನೋಡದೆ ಯಾವುದನ್ನೂ ಹೇಳಬಾರದು ಎಂಬ ಸಾಲನ್ನು ಮಾತ್ರ ನಾನು ಸೇರಿಸುತ್ತೇನೆ. ನಿನ್ನ ಅಡ್ಡಿ ಇಲ್ಲ ತಾನೇ?

ನೀನಿರುವ ಕಡೆ ಹೆಗಲಿಗೆ ಭಾರ ಇಲ್ಲದಿರಲಿ. ಅಕ್ಕಪಕ್ಕದವರು ಮಾತುಗಾರರಾಗಿರಲಿ. ಹೋಗಿ ಬಾ ಅಪ್ಪ.

ಕೇಳದೆ ಕೈ ಎಣಿಸಿದ,
ನಿನ್ನ ಮಗಳು